ಹೆಂಡತಿಯ ಡಿಪ್ಲೊಮಾ, ನನ್ನ ಬಡ್ತಿ

ವಿದ್ಯೆ ವಿನಯ ಕೊಡುತ್ತದೆ ಎನ್ನುತ್ತಾರೆ. ಹಾಗೆಂದವರ ಹೆಂಡತಿ ದೂರಶಿಕ್ಷಣದಲ್ಲಿ ಸಿಬ್ಬಂದಿ ನಿರ್ವಹಣೆಯ ಡಿಪ್ಲೊಮಾ ಓದಿರಲಿಕ್ಕಿಲ್ಲ. ನನ್ನವಳು ಓದಿದಳು. ದೂರಶಿಕ್ಷಣ ಅಂದರೆ ಮೇಷ್ಟ್ರು ದೂರ, ಪುಸ್ತಕ ಹತ್ತಿರ, ಶಿಕ್ಷೆ ಮಾತ್ರ ಗಂಡನಿಗೆ.

ನಾನು ಪಂಪು ತಯಾರಿಸುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತ. ಈ ವರ್ಷ ಸ್ಟೋರ್ಸಿನ ಮುಖ್ಯಸ್ಥರ ಕುರ್ಚಿ ಖಾಲಿಯಾಗಿತ್ತು. ಅದು ನನಗೇ ಎಂದು ನಿರ್ಧಾರವಾಗಿತ್ತು (ಮ್ಯಾನೇಜರು ನಿರ್ಧರಿಸುವುದೊಂದು ಬಾಕಿ).

ಮನೆಯಲ್ಲಿ ಮಾತ್ರ ಒಂದೊಂದು ಪಾಠ ಬಂದಂತೆ ನನ್ನ ಸ್ಥಾನಮಾನ ಕುಸಿಯಿತು. ಎರಡನೇ ಪಾಠಕ್ಕೆ ಅಡುಗೆಮನೆಯ ಗೋಡೆಗೆ ಕರ್ತವ್ಯಗಳ ಪಟ್ಟಿ ಅಂಟಿತು. ನನ್ನ ಪಾಲಿಗೆ ಹದಿನಾಲ್ಕು, ಅವಳ ಪಾಲಿಗೆ ಒಂದೇ: ಮೇಲ್ವಿಚಾರಣೆ. ಐದನೇ ಪಾಠಕ್ಕೆ ಚಹಾ ಲೋಟದ ಕೆಳಗೆ ಕಾರಣ ಕೇಳಿ ನೋಟಿಸು! 'ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದುದಕ್ಕೆ ತಮ್ಮ ಮೇಲೆ ಏಕೆ ಶಿಸ್ತುಕ್ರಮ ಕೈಗೊಳ್ಳಬಾರದು?'

"ಅಮ್ಮಾ, ನೋಡು ನಿನ್ನ ಸೊಸೇನ!"

"ನೋಡ್ತಾನೇ ಇದೀನಿ. ನಾನು ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನ ಅವಳು ಬರೆದು ಹೇಳ್ತಿದಾಳೆ. ಸುಮ್ನೆ ಸೈನ್ ಹಾಕೋ," ಅಂದಳು ಹೆತ್ತ ತಾಯಿ.

ಕೊನೆಯ ಎರಡು ತಿಂಗಳು ಹೆಂಡತಿ ನನ್ನನ್ನು ಬಯ್ಯಲೇ ಇಲ್ಲ. ನಾನು ಫ್ಯಾಕ್ಟರಿಯ ಸಮಾಚಾರ ಹೇಳಿದರೆ ಬರೆದುಕೊಳ್ಳುತ್ತಿದ್ದಳು. ಕೇಳಿದ್ದಕ್ಕೆ "ಪ್ರಾಜೆಕ್ಟು" ಅಂದಳು. ತನ್ನ ಮಾತನ್ನು ಹೆಂಡತಿ ಬರೆದಿಟ್ಟುಕೊಳ್ಳುವುದು ಯಾವ ಗಂಡನಿಗೆ ಬೇಡ? ಇನ್ನಷ್ಟು ಹೇಳಿದೆ.

ಡಿಪ್ಲೊಮಾ ಬಂತು, ಪ್ರಥಮ ದರ್ಜೆಯಲ್ಲಿ.

"ರೀ, ಇದಕ್ಕೆ ಎಲ್ಲಾದ್ರೂ ಕೆಲಸ ಸಿಗುತ್ತೆ ಅಲ್ವಾ?" ಅವಳ ದನಿಯಲ್ಲಿ ಆಸೆಯಿತ್ತು.

"ಅಂಚೇಲಿ ಬಂದ ಕಾಗದಕ್ಕೆ ಅದರ ಮೇಲಿನ ಸ್ಟಾಂಪಿನಷ್ಟೂ ಬೆಲೆ ಇಲ್ಲ ಕಣೇ. ಬೇಕಾದ್ರೆ ನಮ್ಮ ಮ್ಯಾನೇಜರ ಬಾಯಿಂದಲೇ ಹೇಳಿಸ್ತೀನಿ."

"ಹೇಳಿಸಿ ನೋಡೋಣ. ಪ್ರಾಜೆಕ್ಟೂ ತೋರಿಸಿ. ಆದ್ರೆ ನೀವು ಒಂದ್ಸಲ ಓದಿಬಿಡಿ..."

"ಓದೋಕೆ ನನಗೇನು ಬೇರೆ ಕೆಲಸ ಇಲ್ವಾ?" ಎಂದು ದಪ್ಪ ಲಕೋಟೆಯನ್ನು ಹಾಗೆಯೇ ಒಯ್ದು ಮ್ಯಾನೇಜರ ಮೇಜಿನ ಮೇಲಿಟ್ಟೆ. ಬೇಲಿ ಮೇಲಿನ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಳ್ಳುವುದು ಅಂದರೆ ಇದೇ ನೋಡಿ.

ಮೂರನೆಯ ದಿನ ಕರೆ ಬಂತು. ಕುರ್ಚಿಯ ವಿಷಯವೇ ಇರಬೇಕೆಂದು ತಲೆ ಬಾಚಿಕೊಂಡು ಹೋದೆ.

"'ಅಶಿಸ್ತಿನ ನೌಕರನೊಬ್ಬನ ಅಧ್ಯಯನ' ಅಂತ ನಿಮ್ಮ ಮನೆಯವರು ಬರೆದಿದಾರಲ್ಲ, ಯಾರ್ರೀ ಆ ನೌಕರ?"

ನಾನು ಬಾಚಿದ ತಲೆಯನ್ನೇ ಮತ್ತೊಮ್ಮೆ ಸವರಿಕೊಂಡೆ.

"ಬೋಲ್ಟು ಎಣಿಸೋ ಬದಲು ಡಬ್ಬ ಅಲ್ಲಾಡಿಸಿ ನೋಡಿ ಬರ್ಕೋತಾನೆ ಅಂತಿದೆ. ವಾಲ್ವುಗಳ ಕಪಾಟಿನ ಹಿಂದೆ ದಿಂಬು ಇಟ್ಕೊಂಡಿದಾನೆ ಅಂತಿದೆ. ಹೋಗಿ ನೋಡಿದೆ. ದಿಂಬು ಇತ್ತು."

"ಸಾರ್, ಅದು ಬರೀ ದೂರಶಿಕ್ಷಣ ಸಾರ್, ಅದಕ್ಕೆ ಬೆಲೆ..."

"ನಾನು ಹತ್ತಿರದಲ್ಲೇ ಇದ್ದು ಹದಿನೆಂಟು ವರ್ಷ ಕಾಣದ್ದನ್ನ ಅವರು ದೂರದಿಂದ ಕಂಡಿದಾರೆ ಕಣ್ರೀ!"

ಕುರ್ಚಿ ನನ್ನ ಕೈಕೆಳಗೆ ಕೆಲಸ ಕಲಿತವನಿಗೆ ಹೋಯಿತು. ನನ್ನ ಕೈಗೆ ಬಂದದ್ದು ಇನ್ನೊಂದು ಲಕೋಟೆ, ಹೆಂಡತಿಯ ಹೆಸರಿಗೆ. ಆಮೇಲೆ ಸ್ಟೋರ್ಸಿನಲ್ಲಿ ಕೂರಲು ಮನಸ್ಸೇ ಬರಲಿಲ್ಲ. ನೇರ ಮನೆಗೆ ನಡೆದೆ.

ಅವಳು ನಿಂತಲ್ಲೇ ಒಡೆದು ಓದಿದಳು. ನಮ್ಮ ಕಾರ್ಖಾನೆಗೇ ಸಿಬ್ಬಂದಿ ಮೇಲ್ವಿಚಾರಕಿ, ಸೋಮವಾರದಿಂದ.

"ರೀ... ಕೆಲಸ ಸಿಕ್ತು ರೀ!" ಅವಳ ಕಣ್ಣು ತುಂಬಿಬಂತು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ಕುರ್ಚಿ ಮರೆತು ನನಗೂ ಖುಷಿಯಾಯಿತು. ಅಮ್ಮನಂತೂ ಸೊಸೆಯ ತಲೆ ಸವರಿ, ನನ್ನನ್ನು ಸಕ್ಕರೆ ತರಲು ಅಟ್ಟಿದಳು.

ಚೀಲ ಹಿಡಿದು ಹೊಸಿಲು ದಾಟುವಷ್ಟರಲ್ಲಿ ಹೆಂಡತಿ ಕಣ್ಣೊರೆಸಿಕೊಂಡು ಗೋಡೆಯ ಗಡಿಯಾರ ನೋಡಿದಳು.

"ನಿಮ್ಮ ಫ್ಯಾಕ್ಟರಿ ಬಿಡೋದು ಐದೂವರೆಗಲ್ವೇನ್ರೀ?"

"ಹೌದು. ಯಾಕೆ?"

"ಈಗಿನ್ನೂ ಐದು ಇಪ್ಪತ್ತು."