ಭಾವನ ಏರ್ ಗನ್ನಿಗೆ ಎಣ್ಣೆ ಬಿಟ್ಟಿದ್ದು

ಘರ್ಷಣೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಕೊಪ್ಪದ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಆ ಪಾಠ ಮಾಡುವವನು ನಾನೇ. ಎರಡು ವಸ್ತುಗಳು ಒಂದಕ್ಕೊಂದು ಉಜ್ಜಿದರೆ ಸದ್ದು, ಶಾಖ, ಸವೆತ. ನಡುವೆ ಎಣ್ಣೆ ಬಿಟ್ಟರೆ ಶಾಂತಿ. ಹೀಗಿರುವಾಗ ಒಂದು ಏರ್ ಗನ್ನಿಗೆ ಎಣ್ಣೆ ಬಿಡುವುದು ನನಗೆ ದೊಡ್ಡ ಕೆಲಸವೆನ್ನಿಸಲಿಲ್ಲ.

ಗನ್ನು ನನ್ನದಲ್ಲ. ನನ್ನ ಹೆಂಡತಿ ಸುಮಿತ್ರೆಯ ಅಣ್ಣ, ನರಸಿಂಹರಾಜಪುರದ ಭಾವನದು. ಅಂಗಳದಲ್ಲಿ ಒಣಗಲು ಹಾಕಿದ ಹಲಸಿನ ಹಪ್ಪಳವನ್ನು ಮಂಗಗಳು ನಮಗಿಂತ ಮೊದಲೇ ರುಚಿ ನೋಡುತ್ತಿದ್ದವು. ಹೆದರಿಸಲಿಕ್ಕಿರಲಿ ಎಂದು ಕೇಳಿ ತಂದಿದ್ದೆ. "ಹಾಳು ಮಾಡ್ಬೇಡಿ ಮಾರಾಯ್ರೆ" ಎಂದು ಭಾವ ಬಸ್ಸು ಹೊರಡುವ ತನಕ ಹೇಳಿದ್ದರು. ಈಗ ಭಾನುವಾರ ಅವರೇ ಬಂದು ಅದನ್ನು ಒಯ್ಯುವವರಿದ್ದರು. ಗುಂಡು ಹಾಕಲು ನಳಿಗೆ ಮಡಚಿದರೆ ಗನ್ನು 'ಕಿರ್ರ್' ಎನ್ನುತ್ತಿತ್ತು. ತಂದಾಗಲೂ ಹಾಗೆ ಎನ್ನುತ್ತಿತ್ತೇ? ನನಗೆ ನೆನಪಿರಲಿಲ್ಲ.

ಸುಮಿತ್ರೆಗೆ ನೆನಪಿತ್ತು. "ಅಣ್ಣ ಕೊಟ್ಟಾಗ ಇದು ಒಂಚೂರೂ ಸದ್ದು ಮಾಡ್ತಿರ್ಲಿಲ್ಲ."

ನನ್ನ ಎದೆಯೇ ಕಿರ್ರ್ ಎಂದಿತು. ಭಾವ ಬೈಯುವ ಜಾತಿಯವರಲ್ಲ. ಬೈಯದೆ, ಸಿಕ್ಕಿದ ಮದುವೆ ಮುಂಜಿಯಲ್ಲೆಲ್ಲ ನಗುತ್ತಾ ಹೇಳುವವರು.

ಗನ್ನಿನ ಚೀಲದಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಮೇಲೆ ಹೆಸರಿಲ್ಲ. ಒಳಗಿನದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಣ್ಣ ವಾಸನೆ ಇಲ್ಲದ್ದು ಒಳ್ಳೆಯ ಎಣ್ಣೆ ಹೇಗಾದೀತು? ವಿಜ್ಞಾನದ ಮೇಷ್ಟ್ರಿಗೆ ಹಾಗೆಲ್ಲ ಮೋಸ ಮಾಡಲಾಗುವುದಿಲ್ಲ. ಅದನ್ನು ಕಿರುಗುಟ್ಟುತ್ತಿದ್ದ ಬಚ್ಚಲಮನೆಯ ಬಾಗಿಲಿನ ತಿರುಗಣೆಗೆ ಸುರಿದು, ನಿಜವಾದ ಎಣ್ಣೆ ತರಲು ಪೇಟೆಗೆ ಹೊರಟೆ.

ಅಲ್ಲೊಂದು ತೊಡಕಿತ್ತು. ಅದು ಚುನಾವಣೆಯ ಸಮಯ. ಕೋವಿ ಇದ್ದವರೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು. ಏರ್ ಗನ್ನಿಗೆ ಲೈಸೆನ್ಸೂ ಬೇಡ, ಒಪ್ಪಿಸುವುದೂ ಬೇಡ ಎಂದು ನನಗೇನೋ ಗೊತ್ತು. ಅಂಗಡಿಯಲ್ಲಿ ನಿಂತವರಿಗೆಲ್ಲ ಗೊತ್ತಿರಬೇಕಲ್ಲ? ಮೇಲಾಗಿ ನನಗೆ ಮತಗಟ್ಟೆಯ ಡ್ಯೂಟಿ ಬೇರೆ ಬಂದಿತ್ತು. ಗನ್ನು ಎಂಬ ಶಬ್ದ ಬಾಯಿಂದ ಹೊರಡಲೇ ಇಲ್ಲ.

"ಒಂದು ಎಣ್ಣೆ ಬೇಕಿತ್ತು" ಎಂದೆ.

"ಎಂತಕ್ಕೆ ಮೇಷ್ಟ್ರೆ?" ಅಂಗಡಿಯವರು ಕೇಳಿದರು.

"ಒಂದು ಯಂತ್ರಕ್ಕೆ."

"ಎಂತ ಯಂತ್ರ? ಪಂಪ್‌ಸೆಟ್ಟಾ?"

"ಅಷ್ಟು ದೊಡ್ಡದಲ್ಲ. ಒಳಗೆ ಎಂತದೋ ಹಿಂದೆ ಮುಂದೆ ಹೋಗ್ತದೆ."

"ಹಂಗಾದ್ರೆ ಹೊಲಿಗೆ ಮಿಷನ್ನು."

"ಹೌದು ಹೌದು, ಅದೇ" ಎಂದು ಬೆವರು ಒರೆಸಿಕೊಂಡೆ. ಹೀಗೆ, ನಾನು ಆರಿಸಬೇಕಾಗಿದ್ದ ಎಣ್ಣೆಯನ್ನು ನನ್ನ ಹೆದರಿಕೆಯೇ ಆರಿಸಿಕೊಟ್ಟಿತು.

"ಎರಡು ಹನಿ ಸಾಕು" ಎಂದಳು ಸುಮಿತ್ರೆ. ಭಾವನ ಮುಖ ಕಣ್ಣ ಮುಂದಿದ್ದವನಿಗೆ ಎರಡು ಹನಿ ಎಲ್ಲಿ ಸಾಕು? ನಳಿಗೆ ಮಡಚಿ, ಕಂಡ ಕಂಡ ತೂತಿಗೆಲ್ಲ ಅರ್ಧ ಬಾಟಲಿ ಬಿಟ್ಟೆ. ಕಿರ್ರ್ ನಿಂತಿತು. ಹೆಮ್ಮೆಯಿಂದ ಗುಂಡು ಹಾಕಿ, ಹಿತ್ತಿಲಿನ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಬೆರಳಿನಿಂದ ಗನ್ನಿನ ಕುದುರೆ ಎಳೆದೆ.

'ಟಪ್' ಎನ್ನಬೇಕಾದದ್ದು 'ಢಂ' ಎಂದಿತು! ನಳಿಗೆಯಿಂದ ನೀಲಿ ಹೊಗೆ ಬಂತು. ಮಂಗಗಳು ಓಡಿದವು. ಓಡಲು ನನಗೂ ಮನಸ್ಸಿತ್ತು.

ಪಕ್ಕದ ಮನೆಯ ಪುಟ್ಟೇಗೌಡರು ಬೇಲಿಯ ಹತ್ತಿರ ಬಂದರು. ತಮ್ಮ ಕೋವಿಯನ್ನು ಠಾಣೆಗೆ ಕೊಟ್ಟು ಬಂದಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

"ನಂದು ಸ್ಟೇಷನ್ನಲ್ಲಿ ತುಕ್ಕು ಹಿಡೀತಾ ಅದೆ. ನೀವು ಮನೇಲೇ ಇಟ್ಕಂಡು ಹೊಡೀತಾ ಇದ್ದೀರಲ್ಲ ಮೇಷ್ಟ್ರೆ? ಎಲೆಕ್ಷನ್ ಡ್ಯೂಟಿಗೆ ಹೋಗೋರು ಬೇರೆ."

"ಇದು ಕೋವಿ ಅಲ್ಲ ಗೌಡ್ರೆ, ಏರ್ ಗನ್ನು. ಬರೀ ಗಾಳಿ."

"ಗಾಳಿಗೆ ಹೊಗೆ ಬರ್ತದಾ?"

ಪ್ರಶ್ನೆ ವೈಜ್ಞಾನಿಕವಾಗಿತ್ತು. ತೋರಿಸಿಯೇ ಬಿಡುತ್ತೇನೆಂದು ಇನ್ನೊಮ್ಮೆ ಹೊಡೆದೆ. ಈ ಸಲದ ಢಂ ಬೀದಿಯಲ್ಲಿ ಹೋಗುತ್ತಿದ್ದ ಪೊಲೀಸ್ ಪೇದೆಗೂ ಕೇಳಿಸಿತು.

ಪೇದೆ ಒಳಗೆ ಬಂದು ನಳಿಗೆಯನ್ನು ಮೂಸಿ ನೋಡಿದರು. ಕೆಲಸ ಹೋಯಿತು, ಪೆನ್ಷನ್ ಹೋಯಿತು, ಮಾನವಂತೂ ಬೇಲಿಯಾಚೆ ಗೌಡರ ಕೈಯಲ್ಲೇ ಇತ್ತು. ಇದು ಏರ್ ಗನ್ನೆಂದು ನಾನು ನಾಲ್ಕು ವಿಧವಾಗಿ ವಿವರಿಸಿದೆ.

"ಹಂಗಾದ್ರೆ ಇನ್ನೊಂದ್ಸಲ ಹೊಡೀರಿ ನೋಡುವ" ಎಂದರು ಅವರು ತಣ್ಣಗೆ. "ಟಪ್ ಅಂದ್ರೆ ನಿಮ್ಮದು. ಢಂ ಅಂದ್ರೆ ನಮ್ಮದು."

ಬೆಳಗ್ಗಿನಿಂದ ಈ ಗನ್ನು ನೆಟ್ಟಗಿರಲಿ ಎಂದು ಒದ್ದಾಡಿದವನು, ಇದು ಈಗಲೇ ಕೆಟ್ಟು ಹೋಗಲಿ ಎಂದು ಶೃಂಗೇರಿಯ ಶಾರದಾಂಬೆಗೆ ಹರಕೆ ಹೊತ್ತೆ. ಕಣ್ಣು ಮುಚ್ಚಿ ಕುದುರೆ ಎಳೆದೆ.

ಒಳಗೆಲ್ಲೋ 'ಕಟಕ್' ಎಂದಿತು. ಆಮೇಲೆ 'ಪುಸ್'. ಗುಂಡು ನಳಿಗೆಯ ತುದಿಗೆ ಬಂದು, ಸ್ವಲ್ಪ ಯೋಚಿಸಿ, ನನ್ನ ಚಪ್ಪಲಿಯ ಮೇಲೆ ಬಿತ್ತು.

"ಇದಕ್ಕೆ ಬೇಕಾದ್ದು ಲೈಸೆನ್ಸ್ ಅಲ್ಲ ಮೇಷ್ಟ್ರೆ, ರಿಪೇರಿ" ಎಂದು ಪೇದೆ ಹೊರಟು ಹೋದರು. ಗೌಡರು ಆ ರಾತ್ರಿ ಹೊಟ್ಟೆ ತುಂಬ ಉಂಡರೆಂದು ಕೇಳಿದೆ. ದೇವಿ ಹರಕೆ ನಡೆಸಿಕೊಟ್ಟಿದ್ದಳು, ಆದರೆ ಭಾನುವಾರವನ್ನು ತಪ್ಪಿಸಿಕೊಡಲಿಲ್ಲ.

ಭಾವ ಬಂದು ಗನ್ನನ್ನು ಬಿಚ್ಚಿದರು. ಸ್ಪ್ರಿಂಗು ಎರಡು ತುಂಡು, ವಾಷರ್ ಸುಟ್ಟು ಕರಿ.

"ಎಂತ ಎಣ್ಣೆ ಬಿಟ್ರಿ ಮಾರಾಯ್ರೆ?"

"ಹೊಲಿಗೆ ಮಿಷನ್ನಿಂದು."

"ಒಳಗೆ ಗಾಳಿ ಒತ್ತಿದಾಗ ಶಾಖ ಆಗ್ತದೆ. ಅಲ್ಲಿ ಉರಿಯೋ ಎಣ್ಣೆ ಇದ್ರೆ ಹೊತ್ಕೊಳ್ತದೆ. ಡೀಸೆಲ್ ಇಂಜಿನ್ನಲ್ಲಿ ಆಗೋದೂ ಅದೇ ಅಲ್ವಾ? ನೀವೇ ಪಾಠ ಮಾಡೋರು."

ಮಾಡುತ್ತೇನೆ. ಕಿಡಿಯಿಲ್ಲದೆ ಡೀಸೆಲ್ ಹೇಗೆ ಹೊತ್ತಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆಯದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

"ಅದಕ್ಕೇ ಚೀಲದಲ್ಲಿ ಸುಲಭಕ್ಕೆ ಹೊತ್ಕೊಳ್ಳದ ಸಿಲಿಕೋನ್ ಎಣ್ಣೆ ಇಟ್ಟಿದ್ದೆ. ಪುಟ್ಟ ಬಾಟಲಿ. ನೋಡ್ಲಿಲ್ವಾ?"

"ಇಲ್ಲವಲ್ಲ" ಎಂದೆ. ಸುಮಿತ್ರೆ ನನ್ನ ಮುಖ ನೋಡಿ ಒಳಗೆ ಹೋದಳು.

ಭಾವ ಕೈ ತೊಳೆಯಲು ಬಚ್ಚಲಮನೆಗೆ ನಡೆದರು. ಹೋದವರು ಹೊಸ್ತಿಲಲ್ಲೇ ನಿಂತರು. ಬಾಗಿಲನ್ನು ಆಚೆ ತಳ್ಳಿದರು, ಈಚೆ ಎಳೆದರು. ಒಂಚೂರೂ ಸದ್ದಿಲ್ಲ.

"ಬಾಗಿಲಿಗೆ ಎಂತ ಎಣ್ಣೆ ಬಿಟ್ಟಿದ್ದೀರಿ ಮಾರಾಯ್ರೆ? ಬಹಳ ಚೆನ್ನಾಗಿದೆಯಲ್ಲ."

"ಹೊಲಿಗೆ ಮಿಷನ್ನಿಂದು" ಎಂದೆ. ಸುಳ್ಳು ಹೇಳಲಿಕ್ಕೂ ನನಗೆ ಹೊಳೆದದ್ದು ಆ ಒಂದೇ ಎಣ್ಣೆ.