ಸರ್ ಹ್ಯೂಬರ್ಟ್ ಅವರ ತೋರುಬೆರಳು

ಶ್ರೀರಂಗನ ಕೈ ಉದ್ದವಾಗಿತ್ತು. ಅದು ಅವನ ತಪ್ಪಲ್ಲ. ಆದರೆ ಹೆಂಡತಿಯ ಕಡೆಯ ನೆಂಟರು ವರ್ಷಕ್ಕೊಬ್ಬರಂತೆ ಲಂಡನ್ನಿಗೆ ಬಂದು, "ಸೆಲ್ಫಿಗೆ ಅಳಿಯಂದ್ರ ಕೈಯೇ ಸರಿ, ಕೋಲೇ ಬೇಡ" ಎಂದು ತೀರ್ಮಾನಿಸಿ ಹೋಗಿದ್ದರು. ಈ ಸಲ ಬಂದವರು ಹೆಂಡತಿ ಗಾರ್ಗಿಯ ಚಿಕ್ಕಮ್ಮ, ಮೈಸೂರಿನ ಕೃಷ್ಣವೇಣಿ. ಹದಿನೈದು ದಿನಗಳಲ್ಲಿ ಅವರು ಊರಿನ ಗಡಿಯಾರ, ಸೇತುವೆ, ಅರಮನೆ, ಅರಮನೆಯ ಕಾವಲುಗಾರ, ಕಾವಲುಗಾರನ ಕುದುರೆ, ಹೀಗೆ ಯಾರನ್ನೂ ಬಿಡದೆ ಸೆಲ್ಫಿ ತೆಗೆಸಿಕೊಂಡಿದ್ದರು. ಶ್ರೀರಂಗನ ಭುಜ ಎಣ್ಣೆ ಕಾಣದ ಬೋರ್‌ವೆಲ್ ಹಿಡಿಯಂತೆ ಕಿರುಗುಟ್ಟುತ್ತಿತ್ತು.

ಅಂದು ಭಾನುವಾರ. ಗಾರ್ಗಿ ಆಸ್ಪತ್ರೆಯಲ್ಲಿ ವಾರಾಂತ್ಯದ ಡ್ಯೂಟಿಗೆ ಹೋಗಿದ್ದಳು. ಶನಿವಾರವಿಡೀ ಆಫೀಸಿನ ಸಾಫ್ಟ್‌ವೇರಿನ ಹಿಂದೆ ಒದ್ದಾಡಿದ್ದ ಶ್ರೀರಂಗ ಸೋಫಾದ ಮೇಲೆ ಒದ್ದೆ ಟವೆಲ್ಲಿನಂತೆ ಬಿದ್ದಿದ್ದ.

"ಅಳಿಯಂದ್ರೇ, ನಾಳೆ ನಾನು ಹೊರಡೋದು" ಎಂದರು ಚಿಕ್ಕಮ್ಮ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಕಾಲುವೆ ಪಕ್ಕದ ಪಾರ್ಕಲ್ಲಿ ಒಬ್ರು ಬೆರಳು ತೋರಿಸ್ಕೊಂಡು ನಿಂತಿದಾರಲ್ಲ, ಅವ್ರೊಬ್ರು ಬಾಕಿ ಇದಾರೆ."

"ಚಿಕ್ಕಮ್ಮ, ಅವರು ಅಂಥಾ ದೊಡ್ಡ ಮನುಷ್ಯರೇನಲ್ಲ."

"ಅದು ನಮ್ಮ ಓರಗಿತ್ತಿಗೇನು ಗೊತ್ತು?"

ಶ್ರೀರಂಗ ಶೂ ಹಾಕಿಕೊಂಡ.

ಗ್ರೀನ್‌ಫರ್ಡಿನ ಆ ಪಾರ್ಕಿನಲ್ಲಿ ನಿಂತಿದ್ದವರು ಸರ್ ಹ್ಯೂಬರ್ಟ್ ಪಿಂಚ್ಲಿ. ನೂರೈವತ್ತು ವರ್ಷಗಳ ಹಿಂದೆ ಆ ಬಡಾವಣೆಗೆ ಕುಡಿಯುವ ನೀರು ತರಿಸಿದ ಪುಣ್ಯಾತ್ಮ. ಬಲಗೈಯ ತೋರುಬೆರಳನ್ನು ಕಾಲುವೆಯ ಕಡೆಗೆ ಚಾಚಿ, ಟೋಪಿಯ ಮೇಲೊಂದು ಪಾರಿವಾಳವನ್ನು ಕೂರಿಸಿಕೊಂಡು, ಯಾರೂ ತನ್ನನ್ನು ನೋಡುವುದಿಲ್ಲವೆಂಬ ನೆಮ್ಮದಿಯಲ್ಲಿ ನಿಂತಿದ್ದ ಕಲ್ಲಿನ ಪ್ರತಿಮೆ. ಕೆಳಗೆ 'ದಯವಿಟ್ಟು ಕಟ್ಟೆ ಹತ್ತಬೇಡಿ' ಎಂಬ ಫಲಕವಿತ್ತು.

"ಅದು ಮಕ್ಕಳಿಗೆ ಹಾಕಿರೋದು" ಎಂದು ಚಿಕ್ಕಮ್ಮ ಕಟ್ಟೆ ಹತ್ತಿದರು. ಶ್ರೀರಂಗನೂ ಹತ್ತಬೇಕಾಯಿತು.

"ಇನ್ನೂ ಸ್ವಲ್ಪ ಹಿಂದೆ... ಅವ್ರ ಟೋಪಿ ಬರ್ಲಿಲ್ಲ... ಇನ್ನೂ ಸ್ವಲ್ಪ."

ಶ್ರೀರಂಗ ಎಡಗೈಯಲ್ಲಿ ಚಿಕ್ಕಮ್ಮನ ಫೋನು ಚಾಚಿ ಹಿಂದಕ್ಕೆ ಬಾಗಿದ. ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ಜಾರಿತು. ಬಲಗೈ ಸಿಕ್ಕಿದ್ದನ್ನು ಹಿಡಿದುಕೊಂಡಿತು. ಸಿಕ್ಕಿದ್ದು ಸರ್ ಹ್ಯೂಬರ್ಟ್ ಅವರ ತೋರುಬೆರಳು.

'ಟಕ್' ಎಂದಿತು. ಚಕ್ಕುಲಿ ಮುರಿದಷ್ಟೇ ಸದ್ದು. ಶ್ರೀರಂಗ ಹುಲ್ಲಿನ ಮೇಲೆ ಕೂತಿದ್ದ. ಬೆರಳು ಅವನ ಮುಷ್ಟಿಯಲ್ಲಿತ್ತು.

"ಫೋಟೋ ಬಂತಾ?" ಎಂದರು ಚಿಕ್ಕಮ್ಮ.

ಬಂದಿತ್ತು. ಕಾಲು ಗಾಳಿಯಲ್ಲಿ, ಬಾಯಿ ತೆರೆದು, ಪ್ರತಿಮೆಯ ಬೆರಳು ಹಿಡಿದು ಜೋತಾಡುತ್ತಿರುವ ಶ್ರೀರಂಗ ಸ್ಪಷ್ಟವಾಗಿಯೇ ಬಂದಿದ್ದ. ಅವನು ಎದ್ದು ನಿಲ್ಲುವುದರೊಳಗೆ ಚಿಕ್ಕಮ್ಮ ಅದನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿಯೂ ಆಗಿತ್ತು. ಎರಡೇ ನಿಮಿಷಕ್ಕೆ ಗಾರ್ಗಿಯ ಮೆಸೇಜು: 'ಏನ್ರೀ ಅದು? ಯಾರದು ಕೈ?'

ಶ್ರೀರಂಗನ ಪೌರತ್ವದ ಅರ್ಜಿ ಎರಡು ತಿಂಗಳಿಂದ ಸರ್ಕಾರದ ಮೇಜಿನ ಮೇಲಿತ್ತು. ಅರ್ಜಿದಾರನ ನಡತೆ ಒಳ್ಳೆಯದಿರಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸಾರ್ವಜನಿಕ ಸ್ಮಾರಕದ ಬೆರಳು ಮುರಿಯುವುದನ್ನು ಯಾವ ಸರ್ಕಾರವೂ ಒಳ್ಳೆಯ ನಡತೆ ಎನ್ನಲಾರದು.

ಚಿಕ್ಕಮ್ಮ ಬೆರಳನ್ನು ಟಿಶ್ಯೂನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದರು. ಮನೆಗೆ ಬಂದರೆ ಬಾಗಿಲಲ್ಲಿ ಅದೇ ಬೀದಿಯ ಚಂದ್ರಶೇಖರ್ ಮತ್ತು ಅವರ ಹೆಂಡತಿ ವತ್ಸಲಾ ನಿಂತಿದ್ದರು. ಚಂದ್ರಶೇಖರ್ ಗೋದಾಮೊಂದರ ಮ್ಯಾನೇಜರಾಗಿ ನಿವೃತ್ತರಾದವರು, ಕನ್ನಡ ಬಳಗದ ಮಾಜಿ ಅಧ್ಯಕ್ಷರು. ಶ್ರೀರಂಗನ ಅರ್ಜಿಗೆ 'ಇವರನ್ನು ನಾನು ಚೆನ್ನಾಗಿ ಬಲ್ಲೆ' ಎಂದು ಸಹಿ ಹಾಕಿದವರೂ ಅವರೇ. ಚಿಕ್ಕಮ್ಮ ಅವರಿಗೂ ಫೋಟೋ ಕಳಿಸಿದ್ದರು.

"ಏನಯ್ಯಾ ಇದು?" ಎಂದರು ಚಂದ್ರಶೇಖರ್, ಒಳಗೆ ಬಂದು ಕೂತು. "ಪ್ರತಿಮೆ ಹತ್ತೋದಾ? ನಮ್ಮೋರಿಗೆ ಒಂದು ಶಿಸ್ತು ಅನ್ನೋದೇ ಇಲ್ಲ. ಎಲ್ಲೋದ್ರೂ ಫೋನ್ ಎತ್ಕೊಂಡು ನಿಂತ್ಬಿಡ್ತಾರೆ."

"ಕಾಲು ಜಾರಿತು ಸರ್. ಪಾರ್ಕು ನೋಡ್ಕೊಳ್ಳೋ ಕೌನ್ಸಿಲ್‌ಗೆ ಫೋನ್ ಮಾಡಿ ಹೇಳ್ಬಿಡ್ತೀನಿ."

"ಹುಚ್ಚಾ ನಿಂಗೆ? ನಿನ್ನ ಫಾರಂ ಮೇಲೆ ನನ್ನ ಸಹಿ ಇದೆ! ನಾಳೆ ಪೊಲೀಸು ಕೇಸು ಅಂತಾದ್ರೆ ನಿನ್ನ ಪಾಸ್‌ಪೋರ್ಟೂ ಹೋಯ್ತು, ನನ್ನ ಮರ್ಯಾದೇನೂ ಹೋಯ್ತು. ತೆಪ್ಪಗೆ ಅಂಟಿಸಿ ಬಂದ್ಬಿಡು. ಯಾರು ನೋಡ್ತಾರೆ?"

"ಹೇಳೋದೇ ಒಳ್ಳೇದಲ್ವಾ ರೀ?" ಎಂದರು ವತ್ಸಲಾ.

"ನೀನು ಸುಮ್ನಿರು."

ಶ್ರೀರಂಗನಿಗೆ ವಾದ ಮಾಡುವ ಶಕ್ತಿಯಿರಲಿಲ್ಲ. ನಾಲ್ವರೂ ಅಂಟಿನ ಟ್ಯೂಬಿನೊಡನೆ ಪಾರ್ಕಿಗೆ ಹೊರಟರು. ಗುಟ್ಟಾಗಿ ಮಾಡುವ ಕೆಲಸಕ್ಕೆ ನಾಲ್ಕು ಜನ ಯಾಕೆಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಖಾಲಿ ಹೊಡೆಯುತ್ತಿದ್ದ ಪಾರ್ಕು ಮಧ್ಯಾಹ್ನದ ಹೊತ್ತಿಗೆ ಜಾತ್ರೆಯಾಗಿತ್ತು. ಪ್ರತಿಮೆಯ ಬುಡದಲ್ಲೇ ಯಾರದೋ ಮಗುವಿನ ಹುಟ್ಟುಹಬ್ಬ. ಸರ್ ಹ್ಯೂಬರ್ಟ್ ಅವರ ಮೊಂಡುಗೈಗೆ ಮೂರು ಬಲೂನು ಕಟ್ಟಿದ್ದರು. ಅವರೆಲ್ಲ ಕೇಕು ಕತ್ತರಿಸಿ, ಹಾಡಿ, ಮತ್ತೆ ಕೇಕು ತಿಂದು ಮುಗಿಸುವವರೆಗೆ ನಾಲ್ವರೂ ಬೆಂಚಿನ ಮೇಲೆ ಕೂತು ಕಾಲುವೆ ನೋಡಿದರು. ಚಿಕ್ಕಮ್ಮನಿಗೊಂದು ಕೇಕಿನ ತುಂಡೂ ಸಿಕ್ಕಿತು. ಒಂದೂವರೆ ಗಂಟೆ ಕಾದ ಮೇಲೆ ಜನ ಚದುರಿದರು. ಶ್ರೀರಂಗ ಚಿಕ್ಕಮ್ಮನ ಕೈಚೀಲದಿಂದ ಬೆರಳನ್ನು ತೆಗೆದು ಬೆಂಚಿನ ಮೇಲಿಟ್ಟು ಅಂಟಿನ ಮುಚ್ಚಳ ತಿರುಗಿಸಿದ. ಮುಚ್ಚಳ ಬಿಗಿಯಾಗಿತ್ತು. ಅವನು ಹಲ್ಲಿನಿಂದ ಕಚ್ಚಿ ತಿರುಗಿಸುತ್ತಿರುವಾಗ ಎಲ್ಲಿಂದಲೋ ಬಂದ ಗಿಡ್ಡ ಕಾಲಿನ ನಾಯಿಯೊಂದು ಕೇಕು ಮೆತ್ತಿದ್ದ ಟಿಶ್ಯೂ ಸಮೇತ ಬೆರಳನ್ನು ಕಚ್ಚಿಕೊಂಡು ಓಡಿತು.

"ಹಿಡೀರಿ, ಅಳಿಯಂದ್ರೇ!"

ಶ್ರೀರಂಗ ಓಡಿದ. ಹೂವಿನ ಮಡಿಗೆ ಎರಡು ಸುತ್ತು ಹಾಕಿದ. ನಾಯಿಗೆ ಇದೊಂದು ಆಟವೆನಿಸಿ ಮೂರನೆಯ ಸುತ್ತೂ ಹಾಕಿಸಿತು. ಕೊನೆಗೆ ಬಿಳಿಕೂದಲಿನ ಎತ್ತರದ ಹೆಂಗಸೊಬ್ಬರು "ಬಿಸ್ಕಿಟ್, ಬಿಡು" ಎಂದು ನಾಯಿಯ ಹೆಸರು ಹಿಡಿದು ಗದರಿದರು. ನಾಯಿ ಅವರ ಅಂಗೈಗೆ ಬೆರಳನ್ನು ಹಾಕಿ, ಬಾಲ ಅಲ್ಲಾಡಿಸುತ್ತ ಕೂತಿತು.

ಆಕೆ ಬೆರಳನ್ನು ನೋಡಿದರು, ಪ್ರತಿಮೆಯನ್ನು ನೋಡಿದರು. ಆಮೇಲೆ ಬಾಯಲ್ಲಿ ಅಂಟಿನ ಮುಚ್ಚಳ ಕಚ್ಚಿಕೊಂಡು ಏದುಸಿರು ಬಿಡುತ್ತಿದ್ದ ಶ್ರೀರಂಗನನ್ನು ನೋಡಿದರು.

"ನಾನು ಮಿಸೆಸ್ ಹಾರ್ಪರ್" ಎಂದರು ಇಂಗ್ಲಿಷಿನಲ್ಲಿ. "ಈ ಪಾರ್ಕಿನ ಗೆಳೆಯರ ಸಂಘದ ಕಾರ್ಯದರ್ಶಿ. ಇದು ನಿಮಗೆಲ್ಲಿ ಸಿಕ್ಕಿತು?"

ಉಳಿದ ಮೂವರೂ ಹತ್ತಿರ ಬಂದಿದ್ದರು. ಶ್ರೀರಂಗ ಬಾಯಿಂದ ಮುಚ್ಚಳ ತೆಗೆದ. ಸತ್ಯ ಹೇಳಿಬಿಡೋಣ ಎನ್ನುವಷ್ಟರಲ್ಲಿ ಮಿಸೆಸ್ ಹಾರ್ಪರ್ ಮತ್ತೆ ಮಾತಾಡಿದರು.

"ಇದು ಕಲ್ಲಲ್ಲ, ನಿಮಗೆ ಗೊತ್ತೇ? ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ, ಒಣಗಿದರೆ ಕಲ್ಲಾಗುವ ಆ ಮೇಣ. ನಿಜವಾದ ಬೆರಳನ್ನು ಎಂಟು ವರ್ಷದ ಹಿಂದೆ ಯಾರೋ ಮುರಿದರು. ಆಮೇಲೊಬ್ಬರು ಯಾರಿಗೂ ತಿಳಿಯದ ಹಾಗೆ ಇದನ್ನು ಮಾಡಿ ಅಂಟಿಸಿದರು. ನೋಡಿ, ಇಲ್ಲಿ ಹೆಬ್ಬೆಟ್ಟಿನ ಗುರುತು. ಅವರನ್ನು ನಾವು ಆವತ್ತಿನಿಂದ ಹುಡುಕುತ್ತಿದ್ದೇವೆ."

ಚಂದ್ರಶೇಖರ್ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡರು.

"ಆವತ್ತೇ ಬಡ್ಕೊಂಡೆ, ಹೋಗಿ ಹೇಳ್ಬಿಡಿ ಅಂತ" ಎಂದರು ವತ್ಸಲಾ, ಕನ್ನಡದಲ್ಲಿ, ಕಾಲುವೆಯ ಕಡೆ ನೋಡುತ್ತ. "ಕೊಡೆ ಹಿಡ್ಕೊಂಡು ಫೋಟೋಗೆ ಅಂತ ಬೆರಳಿಗೆ ಜೋತಾಡ್ಬೇಡಿ ಅಂತಾನೂ ಹೇಳಿದ್ದೆ. ಅಡುಗೆಮನೆ ಸಿಂಕಿಗೆ ಅಂತ ಊರಿಂದ ತಂದಿದ್ದ ಮೇಣ ಎಲ್ಲಾ ಮುಗಿಸಿದ್ರು."

ಶ್ರೀರಂಗ ಬಾಯಿಬಿಟ್ಟುಕೊಂಡು ಚಂದ್ರಶೇಖರ್ ಕಡೆ ತಿರುಗಿದ. ಅವರು ತುಟಿ ಅಲ್ಲಾಡಿಸದೆ ಕನ್ನಡದಲ್ಲಿ ಪಿಸುಗುಟ್ಟಿದರು: "ಮಾರಾಯ, ನನ್ನ ಹೆಸರು ಎತ್ಬೇಡ. ಸಹಿ ಹಾಕಿದೋನೇ ಕಳ್ಳ ಅಂತಾದ್ರೆ ನಿನ್ನ ಅರ್ಜಿ ಏನಾಗುತ್ತೆ, ಯೋಚ್ನೆ ಮಾಡು. ಅದೂ ನಾನೇ ಅಂದ್ಬಿಡು. ಒಂದು ತಪ್ಪಾದ್ರೇನು, ಎರಡಾದ್ರೇನು? ಮಿಕ್ಕಿದ್ದನ್ನ ನಾನು ನೋಡ್ಕೋತೀನಿ."

ಎಂಟು ವರ್ಷದ ಹಿಂದೆ ಶ್ರೀರಂಗ ಬೆಂಗಳೂರಿನ ಮಾರತ್ತಹಳ್ಳಿ ಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ಕೂತಿದ್ದ. ಈ ಪಾರ್ಕನ್ನು ಕನಸಿನಲ್ಲಿಯೂ ಕಂಡಿರಲಿಲ್ಲ. ಆದರೆ ಅವನ ಕಾಲು ನೋಯುತ್ತಿತ್ತು, ಭುಜ ನೋಯುತ್ತಿತ್ತು, ಯಾವುದಾದರೊಂದು ಮಾತಿನಿಂದ ಇದೆಲ್ಲ ಮುಗಿದರೆ ಸಾಕೆನಿಸಿತ್ತು.

"ನಾನೇ ಮೇಡಂ" ಎಂದ. "ಆವತ್ತು ಮಾಡಿ ಅಂಟಿಸಿದ್ದೂ ನಾನೇ."

ಮಿಸೆಸ್ ಹಾರ್ಪರ್ ಅವರ ಮುಖ ದೀಪ ಹಚ್ಚಿದಂತಾಯಿತು. ಅವರು ಅವನ ಎರಡೂ ಕೈ ಹಿಡಿದು ಕುಲುಕಿದರು.

"ಕೊನೆಗೂ ಸಿಕ್ಕಿದಿರಿ! ಎಂಥ ಕೆಲಸ! ಎಂಥ ಉಗುರು! ಮುರಿದವರು ಯಾರೋ ನಮಗೆ ಬೇಕಿಲ್ಲ. ಒಬ್ಬ ಸಾಮಾನ್ಯ ಮನುಷ್ಯ ಯಾರೂ ಕೇಳದೆಯೇ ನಮ್ಮ ಸರ್ ಹ್ಯೂಬರ್ಟ್ ಅವರಿಗೆ ಬೆರಳು ಮಾಡಿಕೊಟ್ಟನಲ್ಲ, ಅವನನ್ನು ಎಲ್ಲರೆದುರು ಗೌರವಿಸಬೇಕೆಂದು ಸಂಘ ನಿರ್ಣಯ ಮಾಡಿ ನಾಲ್ಕು ವರ್ಷವಾಯಿತು. ಮೇಯರ್ ಬರುತ್ತಾರೆ. ಇಲ್ಲೇ ಒಂದು ಹಿತ್ತಾಳೆಯ ಫಲಕ, ಅದರ ಮೇಲೆ ಹೆಸರು..."

"ಎಕ್ಸ್‌ಕ್ಯೂಸ್ ಮಿ, ಮೇಡಂ."

ಚಂದ್ರಶೇಖರ್ ಅವರ ಕೈಗಳು ಜೇಬಿನಿಂದ ಹೊರಗೆ ಬಂದಿದ್ದವು. ಬಳಗದ ವೇದಿಕೆಯ ಮೇಲೆ ನಿಲ್ಲುವಂತೆ ಎದೆ ಮುಂದಾಗಿತ್ತು.

"ಸುಳ್ಳನ್ನು ನಾನು ಸಹಿಸುವವನಲ್ಲ. ಆ ಬೆರಳು ಮಾಡಿದವನು ನಾನು, ಚಂದ್ರಶೇಖರ್. ದಾರಿಯಲ್ಲಿ ಹೋಗುತ್ತಿದ್ದೆ, ಮುರಿದಿತ್ತು, ಮನಸ್ಸು ತಡೆಯಲಿಲ್ಲ. ಬೇಕಾದರೆ ಹೆಬ್ಬೆಟ್ಟು ನೋಡಿ."

ಹೆಬ್ಬೆಟ್ಟು ಗುರುತಿನೊಳಗೆ ಅಚ್ಚುಕಟ್ಟಾಗಿ ಕೂತಿತು.

"ಥೂ, ನಾಚಿಕೆ ಆಗ್ಬೇಕು ನಿಮ್ಗೆ!" ಎಂದರು ವತ್ಸಲಾ.

"ನಿಮ್ಮ ಹೆಂಡತಿ ಏನೆನ್ನುತ್ತಿದ್ದಾರೆ?" ಎಂದು ಮಿಸೆಸ್ ಹಾರ್ಪರ್ ಕೇಳಿದರು.

"ನನಗೆ ಪ್ರಚಾರ ಇಷ್ಟವಿಲ್ಲವೆಂದು ಹೇಳುತ್ತಿದ್ದಾಳೆ."

ಚಿಕ್ಕಮ್ಮನಿಗೆ ಇಂಗ್ಲಿಷು ಅರ್ಧ ಅರ್ಥವಾಗಿ, ಯಾರಿಗೋ ಸನ್ಮಾನವೆಂಬುದು ಪೂರ್ತಿ ಅರ್ಥವಾಗಿತ್ತು. ಅವರು ಚಂದ್ರಶೇಖರ್ ಮತ್ತು ಮಿಸೆಸ್ ಹಾರ್ಪರ್ ಅವರನ್ನು ಅಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಆಮೇಲೆ ಮಿಸೆಸ್ ಹಾರ್ಪರ್ ಶ್ರೀರಂಗನತ್ತ ತಿರುಗಿದರು. ಅವರ ಮುಖದಲ್ಲಿದ್ದ ದೀಪ ಆರಿತ್ತು. ಕೈಯಲ್ಲೊಂದು ಚಿಕ್ಕ ಪುಸ್ತಕವಿತ್ತು.

"ಅಂದರೆ ಈ ಸುಂದರವಾದ ಬೆರಳನ್ನು ಇವತ್ತು ಮುರಿದವರು ನೀವು. ಇನ್ನೊಬ್ಬರ ಕೆಲಸವನ್ನು ನಿಮ್ಮದೆಂದು ಹೇಳಿಕೊಂಡವರೂ ನೀವೇ."

ಶ್ರೀರಂಗ ಚಂದ್ರಶೇಖರ್ ಅವರ ಮುಖ ನೋಡಿದ. ಅವರು ಫಲಕ ಎಲ್ಲಿ ಹಾಕಿಸಿದರೆ ಚೆನ್ನ ಎಂದು ಕಟ್ಟೆಯ ಸುತ್ತ ನೋಡುತ್ತಿದ್ದರು.

"ಹೌದು ಮೇಡಂ" ಎಂದ.

"ಕೌನ್ಸಿಲ್‌ಗೆ ವರದಿ ಕೊಡಲೇಬೇಕಾಗುತ್ತದೆ. ಮಿಸ್ಟರ್ ಚಂದ್ರಶೇಖರ್, ಈ ಮನುಷ್ಯ ನಿಮಗೆ ಗೊತ್ತೇ?"

ಚಂದ್ರಶೇಖರ್ ತಿರುಗಿದರು. ಒಂದು ಕ್ಷಣ ಶ್ರೀರಂಗನನ್ನು ಮೇಲಿನಿಂದ ಕೆಳಗೆ ನೋಡಿದರು.

"ನಮ್ಮ ಬೀದಿಯವನು" ಎಂದರು. "ನೋಡಿದ ನೆನಪಿದೆ. ಅಂಥಾ ಪರಿಚಯವೇನಿಲ್ಲ."

ಮಿಸೆಸ್ ಹಾರ್ಪರ್ ಪೆನ್ನಿನ ಟೋಪಿ ತೆಗೆದು, ಪೂರ್ತಿ ಹೆಸರು ಹೇಳುವಂತೆ ಕೇಳಿದರು. ಶ್ರೀರಂಗ ಕಟ್ಟೆಯ ಮೇಲೆ ಕೂತು ಹೇಳಿದ. ಅವರಿಗೆ ಅರ್ಥವಾಗಲಿಲ್ಲ. ಆಗ ಅವನು ಮೊದಲಿನಿಂದ, ಒಂದೊಂದೇ ಅಕ್ಷರವಾಗಿ, ನಿಧಾನವಾಗಿ ಬರೆಸತೊಡಗಿದ.