ಊದುಗೊಳವಿ ಕಾರಿನ ಕರಿ ಹೊಗೆ

ಮನೆಯ ಮುಂದೆ ಕೆಮ್ಮಿ ಕೆಮ್ಮಿ ಸಾಯುವ ಗಾಡಿ ಗ್ಯಾರೇಜಿನ ಬಾಗಿಲಿಗೆ ಬಂದ ಕೂಡಲೇ ಬಲು ಸುಭಗನಂತೆ ನಿಂತುಬಿಡುತ್ತದೆ. ಈ ಕಸುಬಿನಲ್ಲಿ ಕೈ ಕಪ್ಪು ಮಾಡಿಕೊಂಡವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ರಾಯಚೂರಿನ ಸ್ಟೇಷನ್ ರಸ್ತೆಯ ನನ್ನ ಗ್ಯಾರೇಜಿನಲ್ಲಿ ಇಂಥವು ವಾರಕ್ಕೊಂದು ನಡೆಯುತ್ತಿದ್ದವು. ಎಂಬತ್ತರ ದಶಕದ ನಡುವೆ ಬಂದ ಒಂದು ಕಾರು ಮಾತ್ರ ಒಂದು ಚಳಿಗಾಲದಿಂದ ಯುಗಾದಿಯ ತನಕ ನಮ್ಮನ್ನೆಲ್ಲ ಆಟ ಆಡಿಸಿತು.

ಮೊದಲೇ ಹೇಳಿಬಿಡುತ್ತೇನೆ, ನನಗೊಂದು ಚಾಳಿ ಇದೆ. ಗಾಡಿಯ ಕೆಳಗೆ ಮಲಗಿದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಕನಸು ಬೀಳುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಗಾಡಿಯ ಅಡಿಯಷ್ಟು ತಂಪಾದ ಜಾಗ ಇನ್ನೊಂದಿಲ್ಲ. ಪೆಟ್ರೋಲಿನ ವಾಸನೆಯೂ ಇದ್ದರೆ ಕನಸಿಗೆ ಬಣ್ಣ ಬರುತ್ತದೆ. ಹೊರಗೆ ಚಾಚಿದ ನನ್ನ ಕಾಲುಗಳನ್ನು ನೋಡಿ ಗಿರಾಕಿಗಳು, ಮೇಸ್ತ್ರಿ ಎಷ್ಟು ಆಳವಾಗಿ ಯೋಚನೆ ಮಾಡುತ್ತಿದ್ದಾನೆ ಎಂದು ಸದ್ದು ಮಾಡದೆ ಕಾಯುತ್ತಿದ್ದರು. ಅವರ ನಂಬಿಕೆ ಕೆಡಿಸುವುದು ಬೇಡವೆಂದು ಎದ್ದ ಮೇಲೆ ನಾನೂ ಸ್ವಲ್ಪ ಹೊತ್ತು ಗಂಭೀರವಾಗಿ ಇರುತ್ತಿದ್ದೆ.

ಹೊಗೆ ಬೇಡಿದ ಗಿರಾಕಿ

ಕಾರು ಬಾಗಲವಾಡದ ಒಬ್ಬ ಹತ್ತಿ ವ್ಯಾಪಾರದ ಸಾವ್ಕಾರರದು. ಹೈದರಾಬಾದಿನ ಒಬ್ಬ ಶೋಕಿಲಾಲ ಹುಡುಗನಿಂದ ಕೊಂಡದ್ದು. ಆ ಹುಡುಗ ಪರದೇಶದಿಂದ ಟರ್ಬೊ ಎಂಬ ಯಂತ್ರ ತರಿಸಿ ಹಳೇ ಎಂಜಿನ್ನಿಗೆ ಕೂಡಿಸಿದ್ದ. ಎಂಜಿನ್ ಬಿಟ್ಟ ಹೊಗೆಯೇ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ, ಆ ಫ್ಯಾನು ಎಂಜಿನ್ನಿಗೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ತುರುಕುತ್ತದೆ, ಗಾಡಿ ಹಾರುತ್ತದೆ. ಜಾಗ ಸಾಲದೆ ಗಾಳಿ ಸೋಸುವ ಡಬ್ಬಿಯನ್ನು ಕಿತ್ತು ಹಾಕಿ, ಎಂಜಿನ್ ಗಾಳಿ ಎಳೆಯಲು ಒಂದು ಡೊಂಕು ಕೊಳವೆಯನ್ನು ಮುಂದಿನ ಬಂಪರಿನ ಅಡಿಗೆ ಇಳಿಸಿ, ಅದರ ಬಾಯಿಗೆ ಒಂದು ತಂತಿ ಜಾಳಿಗೆ ಬಡಿದಿದ್ದ. ನೆಲದ ಮೇಲೆ ಕೂತವರಿಗೆ ಬಿಟ್ಟರೆ ಆ ಬಾಯಿ ಯಾರಿಗೂ ಕಾಣುತ್ತಿರಲಿಲ್ಲ.

ಎಕ್ಸಲೇಟರ್ ಒತ್ತಿದರೆ ಕಾರು ಸಿಳ್ಳು ಹಾಕುತ್ತಿತ್ತು. ಸಂಜೆ ಹೊತ್ತು ಬೆಳ್ಳಗೆ ಬಿರಿದ ಹತ್ತಿ ಹೊಲಗಳ ಮೇಲಿಂದ ಮೊದಲು ಸಿಳ್ಳು ತೇಲಿ ಬರುವುದು, ಎಷ್ಟೋ ಹೊತ್ತಿನ ಮೇಲೆ ಕಾರು ಬರುವುದು. ಕವಿತಾಳದ ಕಡೆಯ ಮಂದಿ ಅದಕ್ಕೆ ಊದುಗೊಳವಿ ಕಾರು ಎಂದು ಹೆಸರಿಟ್ಟಿದ್ದರು. ಒಲೆ ಊದುವ ಕೊಳವೆಯ ಹೆಸರು. ನನಗೆ ಆ ಹೆಸರೂ ಆ ಸಿಳ್ಳೂ ಬಹಳ ಹಿಡಿಸಿದ್ದವು.

ಆದರೆ ಊರಲ್ಲಿ ಕಾರು ಮಸಿಯಂಥ ಕರಿ ಹೊಗೆ ಉಗುಳುತ್ತಿತ್ತು, ಪೆಟ್ರೋಲನ್ನು ಎಮ್ಮೆ ನೀರು ಕುಡಿದಂತೆ ಕುಡಿಯುತ್ತಿತ್ತು. ಸಾವ್ಕಾರರು ಕಾರಿನ ಜೊತೆ ಡ್ರೈವರನನ್ನೂ ಕರೆತಂದು ನನ್ನ ಮುಂದೆ ನಿಲ್ಲಿಸಿದರು. ಅವನು ದೇವದುರ್ಗದವನು, ನನ್ನ ಹಳೇ ದೋಸ್ತ, ದಾರಿಯಲ್ಲಿ ಬಿದ್ದ ಅಂಗಿಯ ಗುಂಡಿಯನ್ನೂ ಎತ್ತಿ ವಾರಸುದಾರನನ್ನು ಹುಡುಕುವ ಪೈಕಿ.

"ಗಾಡಿ ಕುಡೀತದೋ, ಇಂವ ಮಾರತಾನೋ, ಯುಗಾದಿ ಒಳಗ ಹೇಳು," ಎಂದರು ಸಾವ್ಕಾರರು. "ತಪ್ಪು ಗಾಡೀದು ಅಲ್ಲಂದ್ರ ಹಬ್ಬದ ದಿನ ಕೀಲಿ ಇಟ್ಟು ಇಂವ ದೇವದುರ್ಗದ ಬಸ್ ಹತ್ತಲಿ."

ಡ್ರೈವರ್ ಎಂಜಿನ್ ಚಾಲೂ ಮಾಡಿದ. ನಾನು ಹೊಗೆ ಕೊಳವೆಯ ಹಿಂದೆ ಬಿಳಿ ಕರವಸ್ತ್ರ ಹಿಡಿದೆ. ಅದು ಬೆಳ್ಳಗೇ ಉಳಿಯಿತು. ಪ್ಲಗ್ ಬಿಚ್ಚಿದರೆ ಮಾತ್ರ ದಪ್ಪ ಮಸಿ ಇತ್ತು. ಪೆಟ್ರೋಲ್ ಹೆಚ್ಚಾದರೆ, ಇಲ್ಲವೇ ಗಾಳಿ ಕಡಿಮೆಯಾದರೆ ಹಿಡಿಯುವ ಮಸಿ ಅದು. ನಾನು ತೋರಿಸಿದೆ. "ಅದು ಹೈದರಾಬಾದಿನ ಮಸಿ ಇರಬೇಕು," ಎಂದು ಸಾವ್ಕಾರರು ಮತ್ತೆ ಕರವಸ್ತ್ರವನ್ನೇ ನೋಡಿದರು, ಆಮೇಲೆ ಡ್ರೈವರನನ್ನು ನೋಡಿದರು.

ಅವರು ಚಹಾ ಕುಡಿಯಲು ಆಚೆ ಹೋದಾಗ ಡ್ರೈವರ್ ನನ್ನ ಕೈ ಹಿಡಿದುಕೊಂಡ. ಗಾಡಿಯ ಹೊಗೆ ನಿಲ್ಲಿಸಿ ಎಂದು ಬೇಡಿದವರನ್ನು ನಾನು ಬಹಳ ಕಂಡಿದ್ದೇನೆ. ಇವನು ಹೇಳಿದ, "ನಿನ್ನ ಕಾಲಿಗಿ ಬೀಳ್ತೀನೋ ಯಪ್ಪಾ, ಒಂದೀಟರೆ ಹೊಗಿ ಬರೂ ಹಂಗ ಮಾಡು."

ಮೂಗಿನ ತನಿಖೆ

ಅಂದಿನಿಂದ ಸಾವ್ಕಾರರು ಡ್ರೈವರನ ಅಂಗಿ ಮೂಸಲು ಶುರು ಮಾಡಿದರು. ಪೆಟ್ರೋಲ್ ಕದ್ದವನ ಅಂಗಿ ವಾಸನೆ ಹೊಡೆಯಬೇಕಲ್ಲ ಎಂಬುದು ಅವರ ಲೆಕ್ಕ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಡ್ರೈವರ್ ಕೈ ಎತ್ತಿ ನಿಲ್ಲಬೇಕು, ಸಾವ್ಕಾರರು ತೋಳು, ಕಾಲರು ಮೂಸಬೇಕು. ಅಂಥ ಕಾರಿನಲ್ಲಿ ದಿನವಿಡೀ ಕೂತವನ ಅಂಗಿ ಮಲ್ಲಿಗೆ ನಾರುತ್ತದೆಯೇ? ಪಾಪ, ಅವನು ಬಟ್ಟೆ ಒಗೆಯುವ ಸಬಕಾರ ಹಚ್ಚಿ ತಿಕ್ಕಿ ತಿಕ್ಕಿ ಅಂಗಿಯ ಬಣ್ಣವೇ ಹೋಯಿತು, ವಾಸನೆ ಹೋಗಲಿಲ್ಲ.

ಒಂದು ದಿನ ನಾನೇ ರಾಯಚೂರಿನಿಂದ ಅವರ ಜೊತೆ ಆ ಕಾರಿನಲ್ಲಿ ಹೋದೆ. ಕಲ್ಲೂರು ದಾಟಿತು, ಕವಿತಾಳ ದಾಟಿತು, ಬಾಗಲವಾಡದ ಮಣ್ಣಿನ ರಸ್ತೆಯೂ ಮುಗಿಯಿತು. ಹಿಂದೆ ಕೆಂಧೂಳು ಎದ್ದದ್ದು ಬಿಟ್ಟರೆ ಹೊಗೆಯ ಸುಳಿವಿಲ್ಲ. ಮನೆಯ ಕಟ್ಟೆಯ ಮೇಲೆ ಸಾವ್ಕಾರರ ತಾಯಿ ಕೂತಿದ್ದರು. ಊರಿಗೆಲ್ಲ ಅವರು ಯವ್ವ. ನಮಗೆ ನೀರು ಕೊಟ್ಟರು. ಆಗ ನಮ್ಮ ಕಡೆ ಕುಡಿಯುವ ನೀರಿನ ಹುಳದಿಂದ ಬರುವ ನಾರುಹುಣ್ಣಿನ ಕಾಟ. ನರ್ಸಬಾಯಿ ಊರೂರು ತಿರುಗಿ, ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕೆಂದು ಹೇಳಿ ಹೋಗಿದ್ದಳು. ಯವ್ವ ಆ ಮಾತನ್ನು ಬಲು ನಿಷ್ಠೆಯಿಂದ ಪಾಲಿಸುತ್ತಿದ್ದರು. "ಸೋಸಿದ ನೀರಪ್ಪಾ, ಅಂಜಬ್ಯಾಡ ಕುಡಿ," ಎಂದರು.

ಅಷ್ಟರಲ್ಲಿ ಸಂಜೆಯ ಮೂಸುವ ಕಾರ್ಯಕ್ರಮ ನಡೆಯಿತು. ಸಾವ್ಕಾರರು ತಲೆ ಎತ್ತಿ, "ನೋಡಬೇ ಯವ್ವಾ, ಪೆಟ್ರೋಲ್ ವಾಸನಿ ಗಮ್ಮಂತ ಬಡೀತದ," ಎಂದರು.

ಯವ್ವನಿಗೆ ಡ್ರೈವರ್ ಎಂದರೆ ಜೀವ. ಮಗನನ್ನು ಹತ್ತಿರ ಕರೆದು, ಅವರ ಧೋತರದ ಚುಂಗನ್ನು ಹಿಡಿದೆಳೆದು ತಾವು ಮೂಸಿ ನೋಡಿದರು. "ಇದೂ ಹಂಗ ಬಡೀತದಲ್ಲೋ. ನೀವಿಬ್ಬರೂ ಕೂಡೇ ಮಾರಾಕತ್ತೀರೇನು?"

ಮೀನಿನ ಮಾತು ಕೇಳಿ

ಕಾರು ಮತ್ತೆ ಗ್ಯಾರೇಜಿಗೆ ಬಂತು. ನಾನು ಕೆಳಗೆ ತೂರಿ ಮಲಗಿದೆ. ಸಣ್ಣಗೆ ಪೆಟ್ರೋಲ್ ವಾಸನೆ, ರೈಲ್ವೆ ಗೇಟಿನ ಕಡೆಯಿಂದ ಬರುವ ಗಾಳಿ. ಕನಸಿನಲ್ಲಿ ಕಾರ್ಬೋರೇಟರ್ ಒಂದು ಮಡುವಾಗಿತ್ತು. ತುಂಬ ನೀಲಿ ಬೆಳಕು. ಅದರ ನಡುವೆ ಕೃಷ್ಣಾ ಹೊಳೆಯ ಒಂದು ದೊಡ್ಡ ಮೀನು ಬಾಯಿ ತೆರೆದು ಮುಚ್ಚಿ ಪೆಟ್ರೋಲ್ ಕುಡಿಯುತ್ತಿತ್ತು. ನೀನೇನಾ ಎಂದು ಕೇಳಿದೆ. ಸಾವ್ಕಾರರಿಗೆ ಹೇಳಬೇಡ ಎಂದು ರೆಕ್ಕೆ ಜೋಡಿಸಿ ಕೈ ಮುಗಿಯಿತು.

ಎದ್ದವನೇ ತೀರ್ಮಾನ ಮಾಡಿದೆ. ಕಾರ್ಬೋರೇಟರಿನೊಳಗೆ ತೇಲುತ್ತಾ, ಪೆಟ್ರೋಲ್ ತುಂಬಿದಾಗ ಸಾಕು ಎಂದು ತಡೆಯುವ ಫ್ಲೋಟ್ ಎಂಬ ಡಬ್ಬಿ ಇರುತ್ತದೆ. ಅದು ತೂತು ಬಿದ್ದಿರಬೇಕು. ಬಿಚ್ಚಿ ನೋಡಿದರೆ ಫ್ಲೋಟ್ ಗಟ್ಟಿಮುಟ್ಟಾಗಿತ್ತು. ಸಾವ್ಕಾರರು ಎದುರಿಗೇ ಕೂತಿದ್ದರು, ಸುಮ್ಮನೆ ಮುಚ್ಚಿದರೆ ಮರ್ಯಾದೆ ಹೋಗುತ್ತದೆ. ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟನ್ನು ತೆಗೆದು ಅದಕ್ಕಿಂತ ಸಣ್ಣ ತೂತಿನದನ್ನು ಹಾಕಿ, "ಇನ್ನ ಹೊಗಿ ಬಂದ್ರ ಕೇಳ್ರಿ," ಎಂದೆ.

ಊರಲ್ಲಿ ಹೊಗೆ ಸ್ವಲ್ಪ ಇಳಿಯಿತಂತೆ. ಡ್ರೈವರ್ ಖುಷಿಯಿಂದ ನನಗೆ ಶೇಂಗಾ ಹೋಳಿಗೆ ಕಳಿಸಿದ. ಅದು ಮುಗಿಯುವಷ್ಟರಲ್ಲಿ ಸಾವ್ಕಾರರು ತಮ್ಮನಿಗೆ ಹೆಣ್ಣು ನೋಡಲು ಅದೇ ಕಾರಿನಲ್ಲಿ ದೇವದುರ್ಗಕ್ಕೆ ಹೊರಟರು. ಅವತ್ತು ಎಂಜಿನ್ನಿಗೆ ನನ್ನ ಸಣ್ಣ ಜೆಟ್ಟಿನಿಂದ ಬರುವ ಪೆಟ್ರೋಲ್ ಸಾಲದೆ ಹೋಯಿತು. ಹೊಗೆ ಒಂದಿಷ್ಟೂ ಇಲ್ಲ, ಬದಲಿಗೆ ಢಂ ಢಂ ಎಂದು ಸದ್ದು. ಸಂತೆಯಲ್ಲಿ ಕುರಿಗಳು ಚೆದುರಿದವು, ಮೆಣಸಿನಕಾಯಿ ಮಾರುವವರು ಚೀಲದ ಹಿಂದೆ ಅಡಗಿದರು. ಹೆಣ್ಣಿನ ಮನೆಯ ಮುಂದೆ ಕಾರು ಇನ್ನೂ ನಾಲ್ಕು ಸಲ ಹಾರಿಸಿ ನಿಂತಿತು.

ಹೆಣ್ಣಿನ ಅಜ್ಜ ರುಮಾಲು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದು ಕೈ ಮುಗಿದ. "ಬರ್ರಿ ಬರ್ರಿ. ಆದ್ರ ಈಗ್ಲೇ ಯಾಕ್ರೀ ಪಟಾಕಿ, ನೀವು ಇನ್ನಾ ಹುಡುಗೀನ ನೋಡಿಲ್ಲ."

ಮಾನ್ವಿಯ ಉಸ್ತಾದ

ನನ್ನ ಬುದ್ಧಿ ಮುಗಿದ ಮೇಲೆ ಮಾನ್ವಿಯಲ್ಲಿದ್ದ, ನನಗೆ ಕಸುಬು ಕಲಿಸಿದ ಉಸ್ತಾದನ ಹತ್ತಿರ ಸಾವ್ಕಾರರೂ ನಾನೂ ಕಾರಿನಲ್ಲಿ ಹೋದೆವು. ವಯಸ್ಸಾಗಿತ್ತು, ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಮಲಗಿದ್ದ. ಮಲಗಿದಲ್ಲಿಂದಲೇ ಎಂಜಿನ್ನಿನ ಸದ್ದು ಕೇಳಿ ಕಣ್ಣು ಮುಚ್ಚಿ ಹೇಳಿದ, "ಗಾಡಿಕು ಕುಚ್ ನೈ ಹುವಾ ಮಿಯಾ, ಗಾಡಿಗಿ ಏನೂ ಆಗಿಲ್ಲ. ಮನ್ಯಾಗ ಯಾರಿದಾರ ನೋಡು."

ಸಾವ್ಕಾರರು ಬೆಚ್ಚಿಬಿದ್ದು ಹಾದಿಯಲ್ಲೇ ಲಿಂಬೆಹಣ್ಣು, ಮೆಣಸಿನಕಾಯಿ ಕೊಂಡು ಬಂಪರಿಗೆ ಕಟ್ಟಿಸಿದರು. ಊರಲ್ಲಿ ಹೊಗೆ ಬರುತ್ತಲೇ ಇತ್ತು. ಮುಂದೆ ಎಷ್ಟೋ ದಿನದ ಮೇಲೆ ನಾನು ಉಸ್ತಾದನನ್ನು ಕೇಳಿದೆ, "ಅಷ್ಟು ಕರೆಕ್ಟಾಗಿ ನಿಮಗ ಹೆಂಗ ತಿಳೀತು?"

"ಏನೂ ತಿಳೀಲಿಲ್ಲ ಬೇಟಾ. ತಿಳೀಲಿಲ್ಲಂದ್ರ ನಾ ಎಲ್ಲಾರಿಗೂ ಅದನ್ನ ಹೇಳೋದು."

ಯುಗಾದಿಯ ಮಧ್ಯಾಹ್ನ

ಯುಗಾದಿ ಬಂತು. ಸಾವ್ಕಾರರು ನನ್ನನ್ನು ಊಟಕ್ಕೆ ಕರೆದಿದ್ದರು. ಊಟ ನೆಪ, ನಾನು ತೀರ್ಪು ಹೇಳಬೇಕಿತ್ತು. ಬಾಗಲವಾಡಕ್ಕೆ ಬರುವ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಮತ್ತೆ ನೆನೆಸಿಕೊಂಡೆ. ಪ್ಲಗ್ಗಿನ ಮಸಿ ಸುಳ್ಳು ಹೇಳುವುದಿಲ್ಲ, ದೋಸ್ತನೂ ಸುಳ್ಳು ಹೇಳುವುದಿಲ್ಲ. ಆದರೆ ಸಾವ್ಕಾರರಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನನಗೆ ನಿಜಕ್ಕೂ ಅಳು ಬರುವಂತಾಗಿತ್ತು.

ಡ್ರೈವರ್ ಮೂರು ದಿನದಿಂದ ಕಾರು ಮುಟ್ಟಿರಲಿಲ್ಲ. ಸಾವ್ಕಾರರೇ ಹೇಗೋ ಓಡಿಸಿಕೊಂಡಿದ್ದರು. ಹಬ್ಬದ ದಿನ ಅವನು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಟ್ರಂಕು ಹಿಡಿದೇ ಬಂದಿದ್ದ. ಬೇವು ಬೆಲ್ಲ ತಿಂದು, ಹೋಳಿಗೆಯ ಮೇಲೆ ಹೋಳಿಗೆ ಉಂಡೆವು. ಅವನು ಮಾತ್ರ ಎಲೆಯ ಮುಂದೆ ಬೆಲ್ಲವನ್ನೂ ಬೇವಿನ ಹಾಗೆ ನುಂಗಿದ. "ನಾಕು ಗಂಟೆಗೆ ಕೂಡೂಣು," ಎಂದು ಸಾವ್ಕಾರರು ಒಳಗೆ ಅಡ್ಡಾದರು.

ನಾನು ಹೊರಗೆ ಬಂದೆ. ಬಿಸಿಲು ಅಲುಗಾಡದೆ ನಿಂತಿತ್ತು. ಬೇವಿನ ಹೂವು ಒಂದೊಂದಾಗಿ ಕಾರಿನ ಮೇಲೆ ಉದುರುತ್ತಿತ್ತು. ಕಟ್ಟೆಯ ಪಕ್ಕದ ನೆರಳಿನಲ್ಲಿ, ಕಾರಿನ ಎದುರಿಗೆ ನೆಲದ ಮೇಲೇ ಟವೆಲ್ ಹಾಸಿ ಮಲಗಿದೆ. ಹೋಳಿಗೆ ಮತ್ತು ಬಿಸಿಲು ಸೇರಿದರೆ ಇನ್ನೇನು, ಕಣ್ಣು ತಾವೇ ಜಾರಿದವು.

ಕನಸಿನಲ್ಲಿ ಯವ್ವ ಬಂದರು. ಕೈಯಲ್ಲಿ ಹಳೇ ಇಳಕಲ್ಲ ಸೀರೆಯ ತುಂಡು, ಕೆಂಪು ಅಂಚು. ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನೆಗಡಿ ಬಂದ ಕೂಸಿಗೆ ಮುಖ ಒರೆಸುವ ಹಾಗೆ ಬಂಪರಿನ ಅಡಿಯ ಆ ಕೊಳವೆಯ ಬಾಯಿ ಒರೆಸಿದರು. ಬಟ್ಟೆಯನ್ನು ಮಡಿಚಿ ಮಡಿಚಿ ಬಾಯಿಗೆ ಹೊದಿಸಿ ದಾರ ಸುತ್ತಿ ಕಟ್ಟಿದರು. ಕಾರು ಕಣ್ಣು ಮುಚ್ಚಿ ಸುಮ್ಮನಿತ್ತು. ಯವ್ವ ಅದರ ಬಂಪರನ್ನು ಸವರಿ ಎದ್ದು ಹೋದರು. ಅಂಥ ಚೆಂದದ ಕನಸು ನನಗೆ ಆಮೇಲೆ ಬಿದ್ದಿಲ್ಲ.

ನಾಲ್ಕು ಗಂಟೆಗೆ ಎಲ್ಲರೂ ಕಟ್ಟೆಗೆ ಬಂದು ಕೂತರು. ಸಾವ್ಕಾರರು, ಡ್ರೈವರ್, ಅಕ್ಕಪಕ್ಕದ ನಾಲ್ಕು ಮಂದಿ, ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಯವ್ವ. "ಹೇಳಪ್ಪಾ ಮೇಸ್ತ್ರಿ," ಎಂದರು ಸಾವ್ಕಾರರು.

ಹೇಳಲು ಏನೂ ಇರಲಿಲ್ಲವಾದ್ದರಿಂದ ಹೊತ್ತು ದೂಡಲು ಕನಸನ್ನು ಹೇಳಿದೆ. ಸೀರೆ, ಅಂಚು, ದಾರ ಒಂದೂ ಬಿಡದೆ ಹೇಳಿದೆ. ನನ್ನ ಮೀನಿನ ಕನಸು ಡ್ರೈವರನ ಬಾಯಿಂದ ಎಲ್ಲರಿಗೂ ಗೊತ್ತಾಗಿತ್ತಲ್ಲ, ಕಟ್ಟೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಡ್ರೈವರ್ ಕೂಡ ಟ್ರಂಕಿನ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಾ ನಕ್ಕ.

ಯವ್ವ ಮಾತ್ರ ನಗಲಿಲ್ಲ. "ಅದೇನ್ ಕನಸಪ್ಪಾ," ಎಂದರು. "ದಿನಾ ಕಟ್ತೀನಿ."

ಸಾವ್ಕಾರರು ಧೋತರ ಎತ್ತಿಕಟ್ಟಿ ಕಾರಿನ ಮುಂದೆ ಮೊದಲ ಸಲ ನೆಲಕ್ಕೆ ಕೂತು ಬಗ್ಗಿ ನೋಡಿದರು. ಕೆಂಪು ಅಂಚಿನ ಬಟ್ಟೆ ಕೊಳವೆಯ ಬಾಯಲ್ಲಿ ಬಿಗಿಯಾಗಿ ಕೂತಿತ್ತು. ನಾನು ಎಂಜಿನ್ ಚಾಲೂ ಮಾಡಿದೆ. ಸಣ್ಣ ಜೆಟ್ಟಿದ್ದರೂ ಗಾಳಿ ಸಿಗದ ಎಂಜಿನ್ನು ಕರ್ರಗೆ ಉಗುಳಿತು. ಬಟ್ಟೆ ಬಿಚ್ಚಿದೆ, ಹೊಗೆ ನಿಂತಿತು.

"ಮನಶ್ಯಾರು ಎರಡು ಪದರಿನಾಗ ಸೋಸಿ ಕುಡೀರಿ ಅಂದಾಳ ನರ್ಸಬಾಯಿ," ಎಂದರು ಯವ್ವ. "ಬಾಯಿ ತಕ್ಕೊಂಡು ಧೂಳ ಕುಡೀತದ ಪಾಪ ಅದು. ಕಿಮ್ಮತ್ತಿನ ಗಾಡಿ ಅಂತ ನಾಕು ಪದರು ಹಾಕೀನಿ."

ಸಾವ್ಕಾರರು ಆ ಬಟ್ಟೆ ಎತ್ತಿಕೊಂಡು ತಾಯಿಯ ಕಡೆ ತಿರುಗಿದರು. "ಮತ್ತ ರಾಯಚೂರಿಗಿ ಹೋಗುವಾಗ ಯಾಕ ಬಿಚ್ಚತಿದ್ದಿ ಬೇ?"

"ಹರಕ ಬಟ್ಟಿ ಮಾರಿಗಿ ಕಟ್ಟಿ ದೊಡ್ಡ ಊರಿಗಿ ಕಳಸ್ಲ್ಯಾ? ನಾಕು ಮಂದಿ ಏನಂದಾರು? ದೇವದುರ್ಗದಾಗ ಬೀಗರ ಮುಂದ ಮಾನ ಹೋಗ್ತದಂತ ಅವತ್ತೂ ಬಿಚ್ಚಿದ್ದೆ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಒಂದ ಪದರಾದ್ರ ನಡೀತದೇನಪ್ಪಾ?"

ಸಾವ್ಕಾರರು ಎದ್ದು ಡ್ರೈವರನ ಮುಂದೆ ಕೀಲಿ ಹಿಡಿದು ನಿಂತರು. "ತಪ್ಪಾತು. ತಗೋ," ಎಂದರು.

ಡ್ರೈವರ್ ಕೀಲಿ ಮುಟ್ಟಲಿಲ್ಲ. ಟ್ರಂಕಿನಿಂದ ಎದ್ದು, ರೂಢಿಯಂತೆ ಎರಡೂ ಕೈ ಎತ್ತಿ ನಿಂತ. "ಮೊದ್ಲು ಮೂಸ್ರಿ ಸಾವ್ಕಾರ್ರೀ."

ನಾಲ್ಕು ಮಂದಿಯ ಮುಂದೆ ಸಾವ್ಕಾರರು ಬಗ್ಗಿ ಅವನ ತೋಳು ಮೂಸಿದರು, ಕಾಲರು ಮೂಸಿದರು. ಕಟ್ಟೆಯ ಮೂಲೆಯಿಂದ ಯವ್ವ ಕೇಳಿದರು, "ಏನ್ ವಾಸನಿ ಬಂತೋ?"

"ಸಬಕಾರದ್ದು ಬೇ," ಎಂದರು ಸಾವ್ಕಾರರು, ಮೂರು ದಿನ ತಾವೇ ಕಾರು ಓಡಿಸಿದ್ದ ಸಾವ್ಕಾರರು.

"ಹಂಗಾರ ಈಗ ಅವಗ ನಿನ್ನ ಧೋತರ ಕೊಡು, ಅವನೂ ಮೂಸಿ ನೋಡ್ಲಿ."